ಕ್ಯಾನ್ಸರ್ ಹರಡುವುದನ್ನು ಪ್ರೋಟೀನ್‌ಗಳಲ್ಲಿ ಓದುವುದು ಹೇಗೆ

ಒಬ್ಬ ರೋಗಿಯ ದೊಡ್ಡ ಕರುಳಿನ ಗಡ್ಡೆ ಒಂದು ಟ್ಯೂಬಿನಲ್ಲಿದೆ. ಅದೇ ರೋಗಿಯ ಲಿವರ್‌ಗೆ ಹರಡಿದ ಗಡ್ಡೆ ಇನ್ನೊಂದು ಟ್ಯೂಬಿನಲ್ಲಿದೆ. ಎರಡರಿಂದಲೂ ಪ್ರೋಟೀನ್ ತೆಗೆದು, ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುವ, ಅಣುಗಳ ತೂಕ ಅಳೆಯುವ ಮಷಿನ್‌ನಲ್ಲಿ ಓಡಿಸಿ, ಯಾವುದು ಎಲ್ಲಿ ಜಾಸ್ತಿ ಅಂತ ಪಟ್ಟಿ ಮಾಡಿದಿರಿ ಅಂದುಕೊಳ್ಳಿ. ಲಿವರ್ ಗಡ್ಡೆಯ ಪಟ್ಟಿಯಲ್ಲಿ ಮೇಲೆ ಬಂದು ಕೂರುವವರು ಯಾರು ಗೊತ್ತಾ? ಆಲ್ಬುಮಿನ್, ಸಿಪಿಎಸ್1, ಒಂದಷ್ಟು ಅಪೊಲಿಪೊಪ್ರೋಟೀನ್‌ಗಳು. ಪಿ ವ್ಯಾಲ್ಯೂ (ಬರೀ ಆಕಸ್ಮಿಕವಾಗಿ ಇಂಥ ವ್ಯತ್ಯಾಸ ಕಾಣುವ ಸಂಭವ) ನೋಡಿದರೆ ಖುಷಿಯಾಗುವಷ್ಟು ಚಿಕ್ಕದು. ಆದರೆ ಅವು ಯಾವುವೂ ಕ್ಯಾನ್ಸರ್‌ಗೆ ಸೇರಿದ್ದಲ್ಲ. ಗಡ್ಡೆಯನ್ನು ಕತ್ತರಿಸುವಾಗ ಅಂಚಿನಲ್ಲಿ ಸೇರಿಕೊಂಡ ಲಿವರ್‌ನದ್ದು.

ಈ ಕೆಲಸದ ಕಷ್ಟವೆಲ್ಲ ಇದರಲ್ಲೇ ಇದೆ. ವ್ಯತ್ಯಾಸ ಹುಡುಕುವುದು ಸುಲಭ, ಇವತ್ತಿನ ಮಷಿನ್‌ಗಳು ಸಾವಿರಗಟ್ಟಲೆ ವ್ಯತ್ಯಾಸ ಕೊಡುತ್ತವೆ. ಆ ವ್ಯತ್ಯಾಸ ಯಾರದ್ದು ಅಂತ ಹೇಳುವುದೇ ಕಷ್ಟ: ಕ್ಯಾನ್ಸರ್ ಕೋಶದ್ದಾ, ಪಕ್ಕದ ಅಂಗದ್ದಾ, ರಕ್ತದ್ದಾ, ಇಲ್ಲಾ ನೀವು ಸ್ಯಾಂಪಲ್ ಓಡಿಸಿದ ಬುಧವಾರದ್ದಾ? ಕೆಳಗೆ ಬರೆದಿರುವ ಪ್ರತಿ ಹಂತದಲ್ಲೂ ಈ ಒಂದು ಪ್ರಶ್ನೆಯನ್ನು ಜೇಬಿನಲ್ಲಿ ಇಟ್ಟುಕೊಂಡಿರಿ.

ಜೀನ್ ನೋಡಿದರೆ ಸಾಲದಾ?

ಸಾಲದು. ನಮ್ಮಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000 ಇವೆ. ಯಾವ ಜೀನ್‌ನ ಆರ್‌ಎನ್‌ಎ (ಪ್ರೋಟೀನ್ ಮಾಡಲು ಜೀನ್‌ನಿಂದ ತೆಗೆದ ನಕಲು) ಎಷ್ಟಿದೆ ಅಂತ ಅಳೆಯುವುದು ಈಗ ಸಲೀಸು. ಆದರೆ ಆರ್‌ಎನ್‌ಎ ಜಾಸ್ತಿ ಇದ್ದರೆ ಪ್ರೋಟೀನೂ ಅಷ್ಟೇ ಜಾಸ್ತಿ ಇರಬೇಕು ಅಂತೇನಿಲ್ಲ. ಕೆಲವು ಪ್ರೋಟೀನ್‌ಗಳು ಹುಟ್ಟಿದ ಕೂಡಲೇ ಕೋಶದ ಕಸದ ಬುಟ್ಟಿ ಸೇರುತ್ತವೆ, ಕೆಲವು ದಿನಗಟ್ಟಲೆ ಉಳಿಯುತ್ತವೆ, ಕೆಲವು ಕೋಶದಿಂದ ಹೊರಗೇ ಹೋಗಿಬಿಡುತ್ತವೆ. ಪ್ರೋಟೀನ್ ಮೇಲೆ ಅದರ ಕೆಲಸ ಬದಲಿಸುವ ಫಾಸ್ಫೇಟ್ ಅಂಟಿತಾ ಇಲ್ಲವಾ ಅನ್ನುವುದು ಆರ್‌ಎನ್‌ಎಯಲ್ಲಿ ಕಾಣುವುದೇ ಇಲ್ಲ. ಕ್ಯಾನ್ಸರ್ ಕೋಶ ಪಕ್ಕದ ಕೋಶದ ಕೈ ಬಿಡುವುದು, ಸುತ್ತಲಿನ ಜಾಲವನ್ನು ಕತ್ತರಿಸುವುದು, ರಕ್ತನಾಳಕ್ಕೆ ನುಗ್ಗುವುದು, ಇನ್ನೊಂದು ಅಂಗದಲ್ಲಿ ಅಂಟಿಕೊಳ್ಳುವುದು, ಇವೆಲ್ಲ ಪ್ರೋಟೀನ್‌ಗಳೇ ಮಾಡುವ ಕೆಲಸ. ಔಷಧಿಗಳೂ ಹೆಚ್ಚಿನವು ಪ್ರೋಟೀನ್ ಮೇಲೇ ಕೂರುತ್ತವೆ.

ಮೊದಲು ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

"ಮೆಟಾಸ್ಟಾಸಿಸ್‌ನ ಬಯೋಮಾರ್ಕರ್ ಹುಡುಕುವುದು" ಅನ್ನುವುದು ಪ್ರಶ್ನೆ ಅಲ್ಲ, ಆಸೆ. (ಮೆಟಾಸ್ಟಾಸಿಸ್ ಅಂದರೆ ಹರಡುವಿಕೆ, ಬಯೋಮಾರ್ಕರ್ ಅಂದರೆ ಕಾಯಿಲೆಯ ಸುಳಿವು ಕೊಡುವ ಅಳತೆ.) ಯಾರಿಗೆ, ಯಾವ ಹೊತ್ತಿಗೆ, ಯಾವ ನಿರ್ಧಾರ ತೆಗೆದುಕೊಳ್ಳಲು ಈ ಮಾರ್ಕರ್ ಬೇಕು ಅಂತ ಬರೆಯಿರಿ. ಆಪರೇಷನ್ ಆದವರಲ್ಲಿ ಯಾರಿಗೆ ಕಾಯಿಲೆ ಮರಳಬಹುದು ಅನ್ನುವುದು ಒಂದು ಪ್ರಶ್ನೆ. ಈ ಔಷಧಿ ಯಾರಿಗೆ ಕೆಲಸ ಮಾಡುತ್ತದೆ ಅನ್ನುವುದು ಪೂರ್ತಿ ಬೇರೆ ಪ್ರಶ್ನೆ. ಎರಡನ್ನೂ ಒಂದೇ ಅಂದುಕೊಂಡವರು ಬಹಳ ಜನ ಇದ್ದಾರೆ. ಹರ್-2 ಅನ್ನುವ ಪ್ರೋಟೀನ್ ಒಳ್ಳೆಯ ಉದಾಹರಣೆ: ಸ್ತನ ಕ್ಯಾನ್ಸರ್ ಕೋಶದ ಮೇಲೆ ಅದು ಜಾಸ್ತಿ ಇದ್ದರೆ ಕಾಯಿಲೆ ಜೋರಾಗಿರುತ್ತದೆ ಅಂತ ಮೊದಲು ತಿಳಿಯಿತು. 1998ರಲ್ಲಿ ಹರ್-2 ಮೇಲೆ ಕೂರುವ ಟ್ರಾಸ್ಟುಜುಮಾಬ್ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಅದೇ ಹರ್-2 ಚಿಕಿತ್ಸೆ ಆರಿಸುವ ಮಾರ್ಕರ್ ಆಯಿತು. ಪ್ರೋಟೀನ್ ಒಂದೇ, ಉತ್ತರ ಕೊಟ್ಟ ಪ್ರಶ್ನೆಗಳು ಎರಡು, ಎರಡಕ್ಕೂ ಬೇರೆ ಬೇರೆ ಪುರಾವೆ ಬೇಕಾಯಿತು.

ಪ್ರಶ್ನೆ ಗಟ್ಟಿಯಾದರೆ ಸ್ಯಾಂಪಲ್ ತಾನಾಗಿ ಗೊತ್ತಾಗುತ್ತದೆ. ಕೋಶ ಹೇಗೆ ಹರಡುತ್ತದೆ ಅಂತ ತಿಳಿಯಬೇಕಾದರೆ ಸೆಲ್ ಲೈನ್‌ಗಳಿಂದ (ಲ್ಯಾಬಿನಲ್ಲಿ ಬೆಳೆಸುತ್ತಲೇ ಇರಬಹುದಾದ ಕೋಶಗಳಿಂದ) ಶುರು ಮಾಡಬಹುದು. ನನಗೆ ಇಷ್ಟವಾದ ಜೋಡಿ ಎಸ್‌ಡಬ್ಲ್ಯೂ480 ಮತ್ತು ಎಸ್‌ಡಬ್ಲ್ಯೂ620. ಮೊದಲನೆಯದು ಒಬ್ಬ ರೋಗಿಯ ಕರುಳಿನ ಮೂಲ ಗಡ್ಡೆಯಿಂದ ಬಂದದ್ದು, ಎರಡನೆಯದು ಅದೇ ರೋಗಿಯ ಲಿಂಫ್ ಗ್ರಂಥಿಗೆ ಹರಡಿದ್ದರಿಂದ ಬಂದದ್ದು. ಜೀನ್ ಹಿನ್ನೆಲೆ ಒಂದೇ ಆದ್ದರಿಂದ ಅರ್ಧ ತಲೆನೋವು ಕಮ್ಮಿ. ಎಂಡಿಎ-ಎಂಬಿ-231 ಮತ್ತು ಎಂಸಿಎಫ್-7 ಜೋಡಿಯನ್ನೂ ಜನ ತುಂಬಾ ಬಳಸುತ್ತಾರೆ, ಒಂದು ಚೆನ್ನಾಗಿ ನುಗ್ಗುತ್ತದೆ, ಇನ್ನೊಂದು ಅಷ್ಟಾಗಿ ಇಲ್ಲ. ಆದರೆ ಅವು ಇಬ್ಬರು ಬೇರೆ ಬೇರೆ ಹೆಂಗಸರಿಂದ ಬಂದ ಎರಡು ಬೇರೆ ಬಗೆಯ ಸ್ತನ ಕ್ಯಾನ್ಸರ್‌ಗಳು. ಅಲ್ಲಿ ಕಾಣುವ ವ್ಯತ್ಯಾಸವನ್ನೆಲ್ಲ ಹರಡುವಿಕೆಯ ಲೆಕ್ಕಕ್ಕೆ ಬರೆದುಬಿಟ್ಟರೆ ತಪ್ಪಾಗುತ್ತದೆ.

ಸ್ಯಾಂಪಲ್ ಕೆಟ್ಟರೆ ಎಲ್ಲವೂ ಕೆಟ್ಟಂತೆ

ಗಡ್ಡೆಯನ್ನು ದೇಹದಿಂದ ತೆಗೆದ ಕ್ಷಣದಿಂದ ರಕ್ತ, ಆಮ್ಲಜನಕ ಎರಡೂ ನಿಂತುಹೋಗುತ್ತವೆ. ಕೋಶಗಳು ಅದಕ್ಕೆ ಪ್ರತಿಕ್ರಿಯೆ ಕೊಡಲು ಶುರು ಮಾಡುತ್ತವೆ. ಫಾಸ್ಫೇಟ್ ಅಂಟಿದ ಪ್ರೋಟೀನ್‌ಗಳು ನಿಮಿಷಗಳ ಲೆಕ್ಕದಲ್ಲಿ ಬದಲಾಗುತ್ತವೆ. ಹಾಗಾಗಿ ತೆಗೆದ ಹೊತ್ತು, ಫ್ರೀಜ್ ಮಾಡಿದ ಹೊತ್ತು ಎರಡನ್ನೂ ಬರೆದಿಡಿ. ದ್ರವ ನೈಟ್ರೋಜನ್‌ನಲ್ಲಿ ಫ್ರೀಜ್ ಮಾಡಿ ಮೈನಸ್ 80 ಡಿಗ್ರಿಯಲ್ಲಿ ಇಡಿ. ಫಾರ್ಮಾಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಹಳೇ ಸ್ಯಾಂಪಲ್‌ಗಳೂ ಕೆಲಸಕ್ಕೆ ಬರುತ್ತವೆ, ಬಿಸಿ ಮಾಡಿ ಫಾರ್ಮಾಲಿನ್ ಕಟ್ಟಿದ ಗಂಟುಗಳನ್ನು ಬಿಚ್ಚಿಸಬಹುದು. ಆದರೆ ತಾಜಾ ಫ್ರೀಜ್ ಮಾಡಿದ್ದನ್ನೂ ಇದನ್ನೂ ಒಂದೇ ಗುಂಪಿನಲ್ಲಿ ಬೆರೆಸಬೇಡಿ.

ಗಡ್ಡೆ ಅಂದರೆ ಬರೀ ಕ್ಯಾನ್ಸರ್ ಕೋಶ ಅಲ್ಲ. ಫೈಬ್ರೋಬ್ಲಾಸ್ಟ್ (ಸುತ್ತಲಿನ ಜಾಲ ನೇಯುವ ಕೋಶ), ರಕ್ತನಾಳ, ರೋಗನಿರೋಧಕ ಕೋಶ, ಸತ್ತ ಕೋಶ ಎಲ್ಲ ಇರುತ್ತವೆ. ಅದಕ್ಕೇ ಪುಡಿ ಮಾಡುವ ಮೊದಲು ಒಂದು ತೆಳು ಚೂರನ್ನು ಬಣ್ಣ ಹಾಕಿಸಿ ಪೆಥಾಲಜಿಸ್ಟ್‌ಗೆ ತೋರಿಸಿ. "ಇದರಲ್ಲಿ ಕ್ಯಾನ್ಸರ್ ಎಷ್ಟು ಭಾಗ?" ಅಂತ ಕೇಳಿ, ಅವರು ಹೇಳಿದ ಸಂಖ್ಯೆಯನ್ನು ನಿಮ್ಮ ಟೇಬಲ್‌ನಲ್ಲಿ ಒಂದು ಕಾಲಂ ಮಾಡಿ ಹಾಕಿ. ಅನುಕೂಲ ಇದ್ದರೆ ಲೇಸರ್ ಮೈಕ್ರೋಡಿಸೆಕ್ಷನ್‌ನಲ್ಲಿ ಕ್ಯಾನ್ಸರ್ ಜಾಗವನ್ನಷ್ಟೇ ಕತ್ತರಿಸಿ ತೆಗೆಯಬಹುದು. ಇಲಿಯಲ್ಲಿ ಮನುಷ್ಯರ ಗಡ್ಡೆ ಬೆಳೆಸಿದ್ದರೆ ಇನ್ನೊಂದು ಚಂದದ ಉಪಾಯ ಇದೆ: ಮನುಷ್ಯರ ಪೆಪ್ಟೈಡ್‌ಗಳು (ಪ್ರೋಟೀನ್ ಕತ್ತರಿಸಿದಾಗ ಸಿಗುವ ಚೂರುಗಳು) ಕ್ಯಾನ್ಸರ್‌ನವು, ಇಲಿಯ ಪೆಪ್ಟೈಡ್‌ಗಳು ಸುತ್ತಲಿನ ಅಂಗಾಂಶದವು. ಎರಡಕ್ಕೂ ಒಂದೇ ಆಗಿರುವ ಪೆಪ್ಟೈಡ್‌ಗಳನ್ನು ಪಕ್ಕಕ್ಕಿಟ್ಟರೆ ಯಾರ ಮಾತು ಯಾರದ್ದು ಅಂತ ಮಷಿನ್ನೇ ಬೇರ್ಪಡಿಸಿ ಕೊಡುತ್ತದೆ.

ರಕ್ತದ ಕಥೆ ಇನ್ನೂ ನಾಜೂಕು. ಪ್ಲಾಸ್ಮಾದಲ್ಲಿ (ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವದಲ್ಲಿ) ಆಲ್ಬುಮಿನ್ ಒಂದು ಮಿಲಿಲೀಟರ್‌ಗೆ ಸುಮಾರು 40 ಮಿಲಿಗ್ರಾಂ ಇರುತ್ತದೆ. ಇಂಟರ್‌ಲ್ಯೂಕಿನ್-6 ಅನ್ನುವ ಸಂಕೇತ ಪ್ರೋಟೀನ್ ಕೆಲವೇ ಪಿಕೋಗ್ರಾಂ. ಸಾವಿರ ಕೋಟಿ ಪಟ್ಟು ವ್ಯತ್ಯಾಸ! ಗಡ್ಡೆಯಿಂದ ಸೋರಿ ಬರುವ ಪ್ರೋಟೀನ್‌ಗಳು ಸಾಮಾನ್ಯವಾಗಿ ಈ ಕೆಳಗಿನ ತುದಿಯಲ್ಲೇ ಇರುತ್ತವೆ. ಜಾಸ್ತಿ ಇರುವ ಪ್ರೋಟೀನ್‌ಗಳನ್ನು ಮೊದಲೇ ಸೋಸಿ ತೆಗೆಯುವ ಕಾಲಂಗಳಿವೆ, ಆದರೆ ಆಲ್ಬುಮಿನ್‌ಗೆ ಅಂಟಿಕೊಂಡು ಬೇರೆಯವೂ ಹೊರಟುಹೋಗುತ್ತವೆ. ಕಮ್ಮಿ ಇರುವವನ್ನು ಹಿಡಿಯಲು ಒಲಿಂಕ್ ಥರದ ಪ್ರತಿಕಾಯ ಜೋಡಿ ಬಳಸುವ ವಿಧಾನ, ಸೋಮಾಸ್ಕ್ಯಾನ್ ಥರದ ಆಪ್ಟಮರ್ (ಪ್ರೋಟೀನ್ ಹಿಡಿಯುವ ಡಿಎನ್‌ಎ ಚೂರು) ವಿಧಾನ ಅನುಕೂಲ. ಅಲ್ಲಿ ಮೊದಲೇ ಪಟ್ಟಿಯಲ್ಲಿರುವ ಪ್ರೋಟೀನ್‌ಗಳು ಮಾತ್ರ ಸಿಗುತ್ತವೆ ಅನ್ನುವುದು ನೆನಪಿರಲಿ.

ಪ್ಲಾಸ್ಮಾ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ತಿಳಿ ಹಳದಿ ಇದ್ದರೆ ಸರಿ. ಗುಲಾಬಿ ಛಾಯೆ ಕಂಡರೆ ಕೆಂಪು ರಕ್ತಕಣಗಳು ಒಡೆದಿವೆ. ಆಮೇಲೆ ಡೇಟಾದಲ್ಲಿ ಹಿಮೋಗ್ಲೋಬಿನ್, ಕಾರ್ಬಾನಿಕ್ ಆನ್‌ಹೈಡ್ರೇಸ್-1, ಪೆರಾಕ್ಸಿರೆಡಾಕ್ಸಿನ್-2 ಮೂವರೂ ಕೈಕೈ ಹಿಡಿದು ಮೇಲೇಳುತ್ತಾರೆ. ಪ್ಲೇಟ್‌ಲೆಟ್ ಸರಿಯಾಗಿ ಬೇರ್ಪಡದಿದ್ದರೆ ಪ್ಲೇಟ್‌ಲೆಟ್ ಫ್ಯಾಕ್ಟರ್-4, ಥ್ರಾಂಬೋಸ್ಪಾಂಡಿನ್ ಏರುತ್ತವೆ. ಕ್ಯಾನ್ಸರ್ ರೋಗಿಗಳ ರಕ್ತ ಒಂದು ಆಸ್ಪತ್ರೆಯಲ್ಲಿ, ಆರೋಗ್ಯವಂತರ ರಕ್ತ ಇನ್ನೊಂದು ಕಡೆ, ಬೇರೆ ನರ್ಸ್, ಬೇರೆ ಸೆಂಟ್ರಿಫ್ಯೂಜ್ ಅಂತಾದರೆ ನಿಮಗೆ ಸಿಗುವ "ಬಯೋಮಾರ್ಕರ್" ಇವೇ.

ಮಷಿನ್‌ಗೆ ಹಾಕುವ ಮೊದಲು

ಇದನ್ನು ಬೇಗ ಮುಗಿಸುತ್ತೇನೆ, ಪ್ರೋಟೊಕಾಲ್‌ಗಳು ಬೇಕಾದಷ್ಟಿವೆ. ಕೋಶ ಒಡೆದು, ಬಿಸಿಎ ವಿಧಾನದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆದು, ಗಂಧಕದ ಕೊಂಡಿಗಳನ್ನು ಬಿಚ್ಚಿ ಮತ್ತೆ ಕೂಡಿಕೊಳ್ಳದ ಹಾಗೆ ಮುಚ್ಚಿ, ಟ್ರಿಪ್ಸಿನ್ ಅನ್ನುವ ಕತ್ತರಿಸುವ ಕಿಣ್ವ ಹಾಕಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಬಿಡುತ್ತೀರಿ. ಟ್ರಿಪ್ಸಿನ್ ಪ್ರೋಟೀನ್ ಸರಪಳಿಯಲ್ಲಿ ಲೈಸಿನ್ ಮತ್ತು ಅರ್ಜಿನಿನ್ ಅನ್ನುವ ಅಮೈನೋ ಆಮ್ಲಗಳು ಆದ ಮೇಲೆ ಕತ್ತರಿಸುತ್ತದೆ, ಮುಂದೆ ಪ್ರೋಲಿನ್ ಇದ್ದರೆ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಯೂರಿಯಾ ಇರುವ ದ್ರಾವಣವನ್ನು ಬಿಸಿ ಮಾಡಬೇಡಿ, ಪ್ರೋಟೀನ್‌ಗೆ ಇಲ್ಲದ ಬಾಲ ಅಂಟುತ್ತದೆ. ಎಸ್‌ಡಿಎಸ್ ಥರದ ಡಿಟರ್ಜೆಂಟ್ ಬಳಸಿದ್ದರೆ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಮಷಿನ್ ನೋಡಿಕೊಳ್ಳುವವರು ನಿಮ್ಮ ಜೊತೆ ಮಾತು ಬಿಡುತ್ತಾರೆ. ಗ್ಲವ್ಸ್ ಹಾಕಿ, ಕೂದಲು ಕಟ್ಟಿ. ನಿಮ್ಮ ಚರ್ಮದ ಕೆರಾಟಿನ್ ಡೇಟಾದಲ್ಲಿ ಬಂದೇ ಬರುತ್ತದೆ, ಆದಷ್ಟು ಕಮ್ಮಿ ಬರಲಿ. ಇದರಲ್ಲಿ ಒಂದು ತಮಾಷೆ ಇದೆ: ಎಪಿಥೀಲಿಯಲ್ (ಅಂಗಗಳ ಹೊದಿಕೆಯ ಕೋಶಗಳಿಂದ ಹುಟ್ಟುವ) ಕ್ಯಾನ್ಸರ್‌ಗಳಲ್ಲಿ ಕೆಲವು ಕೆರಾಟಿನ್‌ಗಳು ನಿಜವಾಗಿಯೂ ಮುಖ್ಯ. ಕೆರಾಟಿನ್-8, 18 ಗಡ್ಡೆಯದ್ದಿರಬಹುದು. ಕೆರಾಟಿನ್-1, 10 ಕಂಡರೆ ಬಹುಶಃ ನಿಮ್ಮದೇ.

ಮಷಿನ್ ಒಳಗೆ ಏನಾಗುತ್ತದೆ

ಪೆಪ್ಟೈಡ್‌ಗಳ ಮಿಶ್ರಣ ಕೂದಲಿನಂಥ ಸಣ್ಣ ಕಾಲಂನಲ್ಲಿ ಹರಿಯುತ್ತದೆ. ನೀರಿಗೆ ಹೊಂದುವವು ಬೇಗ, ಎಣ್ಣೆಗೆ ಹೊಂದುವವು ತಡವಾಗಿ ಹೊರಬರುತ್ತವೆ. ತುದಿಯಲ್ಲಿ ವಿದ್ಯುತ್ ಒತ್ತಡದಲ್ಲಿ ಹನಿಯಾಗಿ ಚಿಮ್ಮಿ ಚಾರ್ಜ್ ಪಡೆಯುತ್ತವೆ. ಮಷಿನ್ ತೂಕ ಮತ್ತು ಚಾರ್ಜ್‌ನ ಅನುಪಾತ ಅಳೆಯುತ್ತದೆ, ಆಮೇಲೆ ಪೆಪ್ಟೈಡನ್ನು ಒಡೆದು ಚೂರುಗಳನ್ನೂ ಅಳೆಯುತ್ತದೆ. ಚೂರುಗಳಿಂದ ಅಮೈನೋ ಆಮ್ಲಗಳ ಸಾಲು ತಿಳಿಯುತ್ತದೆ.

ಯಾವುದನ್ನು ಒಡೆಯಬೇಕು ಅಂತ ಆರಿಸುವುದರಲ್ಲಿ ಎರಡು ದಾರಿ ಇದೆ. ಡಿಡಿಎಯಲ್ಲಿ ಆ ಕ್ಷಣಕ್ಕೆ ಜೋರಾಗಿ ಕಾಣುವ ಪೆಪ್ಟೈಡ್‌ಗಳನ್ನು ಆರಿಸುತ್ತದೆ, ಹಾಗಾಗಿ ಒಂದು ಸ್ಯಾಂಪಲ್‌ನಲ್ಲಿ ಸಿಕ್ಕಿದ್ದು ಇನ್ನೊಂದರಲ್ಲಿ ತಪ್ಪಿಹೋಗುತ್ತದೆ. ಡಿಐಎಯಲ್ಲಿ ಕಿಟಕಿ ಕಿಟಕಿಯಾಗಿ ಎಲ್ಲವನ್ನೂ ಒಡೆಯುತ್ತದೆ. ಹತ್ತಾರು ರೋಗಿಗಳ ಸ್ಯಾಂಪಲ್ ಹೋಲಿಸುವುದಿದ್ದರೆ ನಾನು ಕಣ್ಣು ಮುಚ್ಚಿಕೊಂಡು ಡಿಐಎ ಆರಿಸುತ್ತೇನೆ. ಪ್ರತಿ ಸ್ಯಾಂಪಲ್‌ಗೂ ಬೇರೆ ಟಿಎಂಟಿ ಲೇಬಲ್ (ರಾಸಾಯನಿಕ ಗುರುತು) ಹಾಕಿ 18 ಸ್ಯಾಂಪಲ್ ಒಟ್ಟಿಗೆ ಓಡಿಸುವ ದಾರಿಯೂ ಚೆನ್ನಾಗಿದೆ, ಆದರೆ ಅದರಲ್ಲಿ ದೊಡ್ಡ ವ್ಯತ್ಯಾಸಗಳು ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತವೆ. ಸೆಲ್ ಲೈನ್ ಆದರೆ ಸಿಲಾಕ್ ಇದೆ, ಭಾರದ ಲೈಸಿನ್ ತಿನ್ನಿಸಿ ಬೆಳೆಸುವುದು.

ಈಗ ನನ್ನ ಪೆದ್ದುತನದ ಕಥೆ. ಮೊದಲ ಪ್ರಾಜೆಕ್ಟ್‌ನಲ್ಲಿ ಮೂಲ ಗಡ್ಡೆಗಳನ್ನೆಲ್ಲ ಸೋಮವಾರ, ಮಂಗಳವಾರ ಓಡಿಸಿದೆ. ಅಷ್ಟರಲ್ಲಿ ಕಾಲಂ ಕಟ್ಟಿಕೊಂಡಿತು, ಹೊಸದು ಹಾಕಿದೆವು. ಹರಡಿದ ಗಡ್ಡೆಗಳನ್ನು ಬುಧವಾರ, ಗುರುವಾರ ಓಡಿಸಿದೆ. ಒಂದೇ ಥರದ ಸ್ಯಾಂಪಲ್‌ಗಳನ್ನು ಹತ್ತಿರ ಹತ್ತಿರ ತೋರಿಸುವ ಪಿಸಿಎ ಚಿತ್ರ ಬಂದಾಗ ಮೂಲ ಗಡ್ಡೆಯ ನೀಲಿ ಚುಕ್ಕೆಗಳೆಲ್ಲ ಎಡಕ್ಕೆ, ಹರಡಿದ್ದರ ಕೆಂಪು ಚುಕ್ಕೆಗಳೆಲ್ಲ ಬಲಕ್ಕೆ, ನಡುವೆ ಖಾಲಿ ಬಯಲು. ಮೂರು ದಿನ ನೆಲದ ಮೇಲೆ ಕಾಲಿರಲಿಲ್ಲ. ಆಮೇಲೆ ಜೊತೆಗಿದ್ದವರೊಬ್ಬರು "ಯಾವ ಕ್ರಮದಲ್ಲಿ ಓಡಿಸಿದ್ದು?" ಅಂತ ಒಂದೇ ಮಾತು ಕೇಳಿದರು. ಎಲ್ಲ ಮತ್ತೆ ಓಡಿಸಿದಾಗ ಆ ಬಯಲು ಮಾಯ. ಕಾಲಂ ಬದಲಾದ ದಿನವೂ ಗುಂಪು ಬದಲಾದ ದಿನವೂ ಒಂದೇ ಆಗಿಬಿಟ್ಟರೆ ಯಾವ ಅಂಕಿಅಂಶವೂ ಅವನ್ನು ಬಿಡಿಸಿ ಕೊಡಲಾರದು. ಆದ್ದರಿಂದ ಸ್ಯಾಂಪಲ್‌ಗಳನ್ನು ಚೀಟಿ ಎತ್ತಿದ ಹಾಗೆ ಕಲಸಿ ಓಡಿಸಿ, ಒಬ್ಬ ರೋಗಿಯ ಜೋಡಿಯನ್ನು ಒಂದೇ ಬ್ಯಾಚ್‌ನಲ್ಲಿಡಿ, ಎಲ್ಲ ಸ್ಯಾಂಪಲ್‌ನಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಮಾಡಿದ ಒಂದು ಮಿಶ್ರಣವನ್ನು ಪ್ರತಿ ಎಂಟು ಹತ್ತು ಸ್ಯಾಂಪಲ್‌ಗೊಮ್ಮೆ ಓಡಿಸುತ್ತಿರಿ. ಅದು ಅಲ್ಲಾಡಿದರೆ ಮಷಿನ್ ಅಲ್ಲಾಡಿದೆ ಅಂತ ಅರ್ಥ.

ಡೇಟಾ ಬಂತು, ಈಗ?

ಪ್ರೋಟೀನ್ ಗುರುತಿಸಲು ಮ್ಯಾಕ್ಸ್‌ಕ್ವಾಂಟ್, ಫ್ರಾಗ್‌ಪೈಪ್, ಡಿಐಎ-ಎನ್‌ಎನ್ ಅನ್ನುವ ಸಾಫ್ಟ್‌ವೇರ್‌ಗಳಿವೆ. ತಪ್ಪು ಗುರುತಿನ ಪ್ರಮಾಣವನ್ನು 1 ಶೇಕಡಾಕ್ಕೆ ಇಡುವುದು ರೂಢಿ. ಲಾಗ್ ತೆಗೆದು ನಾರ್ಮಲೈಸ್ ಮಾಡಿ, ಅಂದರೆ ಸ್ಯಾಂಪಲ್‌ಗಳನ್ನು ಹೋಲಿಸಬಹುದಾದ ಒಂದೇ ಅಳತೆಗೆ ತನ್ನಿ. ಟೇಬಲ್‌ನ ಖಾಲಿ ಮನೆಗಳ (ಪ್ರೋಟೀನ್ ಸಿಗದ ಜಾಗಗಳ) ವಿಷಯದಲ್ಲಿ ಹುಷಾರು: ಸುಮ್ನೆ ಎಲ್ಲದಕ್ಕೂ ಚಿಕ್ಕ ಸಂಖ್ಯೆ ತುಂಬಿಸಿದರೆ ಇಲ್ಲದ ವ್ಯತ್ಯಾಸ ಹುಟ್ಟುತ್ತದೆ. ನಾನು ಕನಿಷ್ಠ ಒಂದು ಗುಂಪಿನಲ್ಲಾದರೂ ಮುಕ್ಕಾಲು ಪಾಲು ಸ್ಯಾಂಪಲ್‌ಗಳಲ್ಲಿ ಕಂಡ ಪ್ರೋಟೀನ್‌ಗಳನ್ನಷ್ಟೇ ಇಟ್ಟುಕೊಳ್ಳುತ್ತೇನೆ.

6,000 ಪ್ರೋಟೀನ್ ಅಳೆದು ಪಿ 0.05ಕ್ಕಿಂತ ಕಮ್ಮಿ ಇರುವುದನ್ನೆಲ್ಲ ಆರಿಸಿದರೆ, ಎರಡು ಗುಂಪಿನ ನಡುವೆ ಏನೂ ವ್ಯತ್ಯಾಸ ಇಲ್ಲದಿದ್ದರೂ ಸುಮಾರು 300 ಸಿಗುತ್ತವೆ. ಇಂಥ ಸುಳ್ಳು ವ್ಯತ್ಯಾಸಗಳನ್ನು ಹತೋಟಿಯಲ್ಲಿಡುವ ಬೆಂಜಮಿನಿ–ಹಾಕ್‌ಬರ್ಗ್ ತಿದ್ದುಪಡಿ ಮಾಡಲೇಬೇಕು. ಜೋಡಿ ಸ್ಯಾಂಪಲ್ ಇದ್ದರೆ ಜೋಡಿಯಾಗಿಯೇ ಹೋಲಿಸಿ. ಪೆಥಾಲಜಿಸ್ಟ್ ಕೊಟ್ಟ ಸಂಖ್ಯೆಯನ್ನು ಲಿಮ್ಮಾ ಅನ್ನುವ ಅಂಕಿಅಂಶದ ಮಾಡೆಲ್‌ಗೆ ಸೇರಿಸಿ ನೋಡಿ, ಅರ್ಧಕ್ಕರ್ಧ ಹೀರೋಗಳು ಅಲ್ಲೇ ಬೀಳುತ್ತಾರೆ. ಉಳಿದವರನ್ನು ಹ್ಯೂಮನ್ ಪ್ರೋಟೀನ್ ಅಟ್ಲಾಸ್‌ನಲ್ಲಿ ಹುಡುಕಿ, ಯಾವ ಅಂಗದಲ್ಲಿ ಸಹಜವಾಗಿ ಜಾಸ್ತಿ ಇರುತ್ತದೆ ಅಂತ ನೋಡಿ. ಲಿವರ್ ಅಂತ ಬಂದರೆ ಆ ಸಾಲಿನ ಮೇಲೆ ಗೀಟು ಎಳೆಯುವ ಮೊದಲು ಇನ್ನೊಂದು ಪರೀಕ್ಷೆ: ಅದು ಆಲ್ಬುಮಿನ್ ಜೊತೆಗೇ ಏರಿಳಿಯುತ್ತಾ? ಹೌದಾದರೆ ಗೀಟು ಎಳೆಯಿರಿ.

ಹರಡುವಿಕೆಯನ್ನು ಓದುವುದು

ಎಲ್ಲರಿಗೂ ಗೊತ್ತಿರುವ ಕಥೆ: ಕೋಶ ಕೋಶವನ್ನು ಹಿಡಿದಿಡುವ ಇ-ಕ್ಯಾಡ್‌ಹೆರಿನ್ ಕಮ್ಮಿಯಾಗುತ್ತದೆ, ವಿಮೆಂಟಿನ್, ಎನ್-ಕ್ಯಾಡ್‌ಹೆರಿನ್ ಜಾಸ್ತಿಯಾಗುತ್ತವೆ, ಕೋಶ ಓಡಾಡಲು ಶುರು ಮಾಡುತ್ತದೆ. ಆ ಕಥೆ ನಂಬಿ ಹರಡಿದ ಗಡ್ಡೆಯಲ್ಲಿ ಇ-ಕ್ಯಾಡ್‌ಹೆರಿನ್ ನೋಡಿದರೆ ಎಷ್ಟೋ ಸಲ ಮೂಲ ಗಡ್ಡೆಯಷ್ಟೇ ಇರುತ್ತದೆ. ಮಷಿನ್ ತಪ್ಪಿದ್ದಲ್ಲ. ಹೊಸ ಜಾಗದಲ್ಲಿ ನೆಲೆಯೂರಿದ ಕೋಶಗಳು ಮತ್ತೆ ಹಳೇ ರೂಪಕ್ಕೆ ಬರಬಹುದು. ನೀವು ನೋಡುತ್ತಿರುವುದು ಪ್ರಯಾಣ ಅಲ್ಲ, ಪ್ರಯಾಣ ಮುಗಿದು ಮನೆ ಕಟ್ಟಿಕೊಂಡವರನ್ನು. ನುಗ್ಗುವ ಹಂತ ಬೇಕಿದ್ದರೆ ಮೂಲ ಗಡ್ಡೆಯ ಅಂಚನ್ನು ಬೇರೆಯಾಗಿ, ನಡುಭಾಗವನ್ನು ಬೇರೆಯಾಗಿ ತೆಗೆದು ಹೋಲಿಸಬೇಕು.

ಎಂಎಂಪಿ-2, ಎಂಎಂಪಿ-9 ಜಾಲ ಕತ್ತರಿಸುವ ಕಿಣ್ವಗಳು. ಅವು ನಿಷ್ಕ್ರಿಯ ರೂಪದಲ್ಲಿ ಹೊರಬಂದು ಆಮೇಲೆ ಎಚ್ಚರಗೊಳ್ಳುತ್ತವೆ, ಟಿಂಪ್ ಅನ್ನುವ ಪ್ರೋಟೀನ್‌ಗಳು ಅವನ್ನು ಹಿಡಿದು ಕೂರಿಸುತ್ತವೆ. ಪ್ರಮಾಣ ಜಾಸ್ತಿ ಇದೆ ಅಂದ ಮಾತ್ರಕ್ಕೆ ಕತ್ತರಿಸುವುದು ಜಾಸ್ತಿ ಆಗಿದೆ ಅಂತ ಬರೆಯಬೇಡಿ, ಕಿಣ್ವದ ಕೆಲಸವನ್ನೇ ತೋರಿಸುವ ಜೈಮೋಗ್ರಫಿ ಮಾಡಿ ನೋಡಿ. ಕೋಶಗಳು ಹೊರಗೆ ಬಿಡುವ ಪ್ರೋಟೀನ್‌ಗಳನ್ನು ನೋಡಲು ಹೊರಟರೆ ಕರುವಿನ ಸೀರಂ ಇಲ್ಲದ ಮೀಡಿಯಂನಲ್ಲಿ (ಕೋಶ ಬೆಳೆಸುವ ದ್ರವದಲ್ಲಿ) ಬೆಳೆಸಿ, ಇಲ್ಲದಿದ್ದರೆ ಕರುವಿನ ಆಲ್ಬುಮಿನ್ ಎಲ್ಲವನ್ನೂ ಮುಳುಗಿಸುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಕೋಶಗಳು ಸಾಯುತ್ತವೆ, ಒಳಗಿನದ್ದೆಲ್ಲ ಹೊರಗೆ ಚೆಲ್ಲುತ್ತದೆ, ಅದನ್ನೂ ಲೆಕ್ಕದಲ್ಲಿಡಿ.

ಯಾವ ಕ್ಯಾನ್ಸರ್ ಯಾವ ಅಂಗಕ್ಕೆ ಹೋಗುತ್ತದೆ ಅನ್ನುವುದು ಹಳೇ ಒಗಟು. 1889ರಲ್ಲಿ ಇಂಗ್ಲಿಷ್ ಸರ್ಜನ್ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರ್‌ನಿಂದ ಸತ್ತ 735 ಹೆಂಗಸರ ದಾಖಲೆ ನೋಡಿ, ಬೀಜ ಎಲ್ಲೆಡೆ ಹಾರಿದರೂ ಹದವಾದ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಅಂದಿದ್ದರು. 2015ರಲ್ಲಿ ಡೇವಿಡ್ ಲೈಡನ್ ಅವರ ತಂಡ ಕ್ಯಾನ್ಸರ್ ಕೋಶಗಳು ಬಿಡುವ ಎಕ್ಸೋಸೋಮ್ ಅನ್ನುವ ಪುಟ್ಟ ಚೀಲಗಳಲ್ಲಿ ಯಾವ ಪ್ರೋಟೀನ್ ಇವೆ ಅಂತ ಪಟ್ಟಿ ಮಾಡಿತು. ಆಲ್ಫಾ6-ಬೀಟಾ4 ಮತ್ತು ಆಲ್ಫಾ6-ಬೀಟಾ1 ಇಂಟೆಗ್ರಿನ್ (ಅಂಟಿಕೊಳ್ಳಲು ನೆರವಾಗುವ ಪ್ರೋಟೀನ್) ಇದ್ದವು ಶ್ವಾಸಕೋಶದ ಕಡೆ, ಆಲ್ಫಾವಿ-ಬೀಟಾ5 ಇದ್ದವು ಲಿವರ್ ಕಡೆ ಹೋಗಿ ಮಣ್ಣು ಹದ ಮಾಡುವುದು ಕಂಡಿತು. ಅವರು ಪಟ್ಟಿ ಕೊಟ್ಟು ಸುಮ್ಮನಾಗಲಿಲ್ಲ, ಆ ಇಂಟೆಗ್ರಿನ್‌ಗಳನ್ನು ತಡೆದಾಗ ಹರಡುವುದು ಕಮ್ಮಿಯಾಗುತ್ತದೆ ಅಂತ ಇಲಿಗಳಲ್ಲಿ ತೋರಿಸಿದರು. ನೀವೂ ಹಾಗೇ, ಪಟ್ಟಿಯಲ್ಲಿ ಉಳಿದ ಎರಡು ಮೂರು ಪ್ರೋಟೀನ್‌ಗಳನ್ನು ಕೋಶದಲ್ಲಿ ಇಲ್ಲದಂತೆ ಮಾಡಿ, ಕೋಶ ಆಗಲೂ ಪೊರೆ ದಾಟಿ ನುಗ್ಗುತ್ತಾ ಅಂತ ಟ್ರಾನ್ಸ್‌ವೆಲ್ ಅನ್ನುವ ಪೊರೆಯ ಬಟ್ಟಲಿನಲ್ಲಿ ನೋಡಿ.

ಬಯೋಮಾರ್ಕರ್ ಅನ್ನುವ ಮೊದಲು

ಪಟ್ಟಿಯಿಂದ ಆರಿಸಿದ್ದನ್ನು ಬೇರೆ ವಿಧಾನದಲ್ಲಿ, ಬೇರೆ ರೋಗಿಗಳಲ್ಲಿ ಅಳೆಯಬೇಕು. ಹತ್ತಿಪ್ಪತ್ತು ಪ್ರೋಟೀನ್ ಇದ್ದರೆ ಆರಿಸಿದ ಪೆಪ್ಟೈಡ್‌ಗಳನ್ನಷ್ಟೇ ಮಷಿನ್‌ನಲ್ಲಿ ಅಳೆಯುವ ಪಿಆರ್‌ಎಂ ಮಾಡಿ: ಅದೇ ಪೆಪ್ಟೈಡ್‌ನ ಭಾರದ ಅವಳಿಯನ್ನು ಗೊತ್ತಿರುವಷ್ಟು ಸೇರಿಸುತ್ತೀರಿ. ತುದಿಯಲ್ಲಿ ಭಾರದ ಲೈಸಿನ್ ಇರುವ ಅವಳಿ ಸುಮಾರು 8 ಡಾಲ್ಟನ್ ತೂಕ ಜಾಸ್ತಿ, ಎರಡು ಚಾರ್ಜ್ ಇದ್ದಾಗ ಸ್ಪೆಕ್ಟ್ರಂನಲ್ಲಿ 4 ಮನೆ ಆಚೆ ಕಾಣುತ್ತದೆ. ಎರಡೂ ಕಾಲಂನಿಂದ ಒಂದೇ ಕ್ಷಣಕ್ಕೆ ಹೊರಬಂದರೆ ನೀವು ಹಿಡಿದಿರುವುದು ಅದನ್ನೇ, ಇಲ್ಲವಾದರೆ ಬೇರೆ ಯಾವುದನ್ನೋ ಹಿಡಿದಿದ್ದೀರಿ. ಇಮ್ಯುನೊಹಿಸ್ಟೋಕೆಮಿಸ್ಟ್ರಿ (ಪ್ರತಿಕಾಯ ಬಳಸಿ ಅಂಗಾಂಶದಲ್ಲಿ ಪ್ರೋಟೀನ್‌ಗೆ ಬಣ್ಣ ಹಾಕುವುದು) ಮಾಡಿದರೆ ಪ್ರೋಟೀನ್ ಕ್ಯಾನ್ಸರ್ ಕೋಶದಲ್ಲಿದೆಯಾ ಪಕ್ಕದ ಕೋಶದಲ್ಲಿದೆಯಾ ಅಂತ ಕಣ್ಣಲ್ಲೇ ಕಾಣುತ್ತದೆ. ಪ್ರತಿಕಾಯ ನಂಬುವ ಮೊದಲು ಆ ಪ್ರೋಟೀನ್ ಇಲ್ಲದ ಕೋಶದ ಮೇಲೆ ಒಮ್ಮೆ ಹಾಕಿ ನೋಡಿ, ಅಲ್ಲೂ ಬಣ್ಣ ಬಂದರೆ ಕೈಬಿಡಿ.

ಮಷಿನ್ ಲರ್ನಿಂಗ್ ಬಳಸುವವರಿಗೆ ಒಂದು ಮಾತು. ಎಲ್ಲ ರೋಗಿಗಳ ಡೇಟಾ ನೋಡಿ ಪ್ರೋಟೀನ್ ಆರಿಸಿ, ಆಮೇಲೆ ಕ್ರಾಸ್ ವ್ಯಾಲಿಡೇಷನ್ (ಕೆಲವರನ್ನು ಹೊರಗಿಟ್ಟು ಅವರ ಮೇಲೆ ಪರೀಕ್ಷಿಸುವುದು) ಮಾಡಿದರೆ ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ನೋಡಿದಂತೆ. ಆರಿಸುವ ಕೆಲಸವೂ ಒಳಗಿನ ಸುತ್ತಿನಲ್ಲೇ ಆಗಬೇಕು.

2002ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದು ದೊಡ್ಡ ಸುದ್ದಿಯಾಯಿತು: ರಕ್ತದ ಪ್ರೋಟೀನ್ ನಕ್ಷೆ ನೋಡಿ ಅಂಡಾಶಯದ ಕ್ಯಾನ್ಸರ್ ಹಿಡಿಯಬಹುದು, 50 ರೋಗಿಗಳಲ್ಲಿ 50ನ್ನೂ ಹಿಡಿದೆವು, ಕ್ಯಾನ್ಸರ್ ಇಲ್ಲದ 66ರಲ್ಲಿ 63ನ್ನು ಸರಿಯಾಗಿ ಹೇಳಿದೆವು ಅಂತ. ಆಮೇಲೆ ಬ್ಯಾಗರ್ಲಿ, ಕೂಂಬ್ಸ್ ಮುಂತಾದ ಅಂಕಿಅಂಶ ತಜ್ಞರು ಅದೇ ತಂಡ ಬಿಡುಗಡೆ ಮಾಡಿದ ಡೇಟಾವನ್ನು ಕೆದಕಿದಾಗ ಕ್ಯಾಲಿಬ್ರೇಷನ್, ಸ್ಯಾಂಪಲ್ ಓಡಿಸಿದ ರೀತಿಯ ತೊಂದರೆಗಳು ಹೊರಬಿದ್ದವು. ನನ್ನ ಸೋಮವಾರ-ಬುಧವಾರದ ಕಥೆಯೇ, ದೊಡ್ಡ ಪ್ರಮಾಣದಲ್ಲಿ.

ಅದು ಸರಿಯಾಗಿತ್ತು ಅಂತಲೇ ಇಟ್ಟುಕೊಂಡರೂ ಲೆಕ್ಕ ಹಾಕಿ. ಒಂದು ಲಕ್ಷ ಹೆಂಗಸರಲ್ಲಿ 40 ಜನಕ್ಕೆ ಆ ಕಾಯಿಲೆ ಇದೆ ಅಂದುಕೊಳ್ಳಿ. ಪರೀಕ್ಷೆ ಆ 40ನ್ನೂ ಹಿಡಿಯುತ್ತದೆ. ಉಳಿದ 99,960 ಜನರಲ್ಲಿ 5 ಶೇಕಡಾ, ಅಂದರೆ ಸುಮಾರು 5,000 ಜನಕ್ಕೆ ಸುಳ್ಳೇ "ಕ್ಯಾನ್ಸರ್ ಇರಬಹುದು" ಅನ್ನುತ್ತದೆ. ಅಷ್ಟು ಜನಕ್ಕೆ ಆಪರೇಷನ್ ಮಾಡಿ ನೋಡಲು ಆಗುತ್ತಾ? 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಓವಾ1 ಪರೀಕ್ಷೆ ಐದು ಪ್ರೋಟೀನ್ ಅಳೆಯುತ್ತದೆ, ಆದರೆ ಎಲ್ಲರಿಗೂ ಅಲ್ಲ. ಅಂಡಾಶಯದಲ್ಲಿ ಗಡ್ಡೆ ಇದೆ, ಆಪರೇಷನ್ ಆಗಬೇಕು ಅಂತ ಆಗಲೇ ಗೊತ್ತಿರುವವರಿಗೆ ಮಾತ್ರ. ಸಿಇಎ ಅನ್ನುವ ರಕ್ತದ ಮಾರ್ಕರ್ ಕೂಡ ಹಾಗೇ. 1965ರಲ್ಲಿ ಸಿಕ್ಕಿದ್ದು, ಸಿಗರೇಟು ಸೇದುವವರಲ್ಲೂ ಏರುತ್ತದೆ, ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲು ಕೆಲಸಕ್ಕೆ ಬಾರದು. ಕರುಳಿನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಮರಳುತ್ತಿದೆಯಾ ಅಂತ ನೋಡಲು ಇವತ್ತಿಗೂ ಬಳಕೆಯಲ್ಲಿದೆ.

ಕೈಯಲ್ಲಿ ಮಷಿನ್ ಇಲ್ಲದಿದ್ದರೂ ಶುರು ಮಾಡಬಹುದು. ಪ್ರೈಡ್ ಅನ್ನುವ ಪ್ರೋಟೀನ್ ಡೇಟಾ ಭಂಡಾರದಲ್ಲಿ, ಅಮೆರಿಕದ ಸಿಪಿಟ್ಯಾಕ್ ಅನ್ನುವ ಕ್ಯಾನ್ಸರ್ ಪ್ರೋಟೀನ್ ಯೋಜನೆಯಲ್ಲಿ ಸಾವಿರಾರು ಸ್ಯಾಂಪಲ್‌ಗಳ ಡೇಟಾ ಉಚಿತವಾಗಿ ಸಿಗುತ್ತದೆ. ಮೂಲ ಗಡ್ಡೆ ಮತ್ತು ಲಿವರ್‌ಗೆ ಹರಡಿದ ಗಡ್ಡೆ ಎರಡೂ ಇರುವ ಒಂದನ್ನು ಇಳಿಸಿಕೊಳ್ಳಿ, ಅವರು ಪ್ರಕಟಿಸಿದ ಟೇಬಲ್ ತೆರೆಯಿರಿ, ಹುಡುಕುವ ಪೆಟ್ಟಿಗೆಯಲ್ಲಿ ಆಲ್ಬುಮಿನ್ ಅಂತ ಹೊಡೆದು ಅದು ಎಷ್ಟನೇ ಸಾಲಿನಲ್ಲಿದೆ ನೋಡಿ.